ಮುಖ್ಯ ಪಾತ್ರಧಾರಿ ಬದಲಾದಾಗ ನಾಟಕವನ್ನು ಮತ್ತೆ ಕಟ್ಟುವ ಬಗೆ

ಪ್ರಯೋಗಕ್ಕೆ ಮೂರು ವಾರ ಇರುವಾಗ ಮುಖ್ಯ ಪಾತ್ರದವರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಕಾಲು ಮುರಿಯುತ್ತದೆ, ಇಲ್ಲವೇ ಧಾರಾವಾಹಿಯ ಶೂಟಿಂಗ್ ಅದೇ ತಾರೀಖಿಗೆ ಬಂದು ಬೀಳುತ್ತದೆ. ಹವ್ಯಾಸಿ ತಂಡಗಳಿಗೆ ಇದು ಹೊಸದಲ್ಲ. ಆಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಹೊಸಬರ ಕೈಗೆ ಸ್ಕ್ರಿಪ್ಟ್ ಕೊಟ್ಟು, ಹಳೆಯ ಪ್ರಯೋಗದ ವಿಡಿಯೊ ಕಳಿಸಿ, "ಮಾತು ಬಾಯಿಪಾಠ ಮಾಡ್ಕೊಂಡು ಬನ್ನಿ, ಮೂವ್‌ಮೆಂಟ್ ಹೇಳಿಕೊಡ್ತೀವಿ" ಅನ್ನುವುದು. ನಾಟಕ ಹೇಗೋ ನಡೆದುಹೋಗುತ್ತದೆ. ಆದರೆ ಹತ್ತು ನಿಮಿಷ ಉದ್ದವಾಗಿರುತ್ತದೆ, ನಗು ಬರಬೇಕಾದಲ್ಲಿ ಬಂದಿರುವುದಿಲ್ಲ, ಬೆಳಕು ಮುಖದ ಬದಲು ಎದೆಯ ಮೇಲೆ ಬಿದ್ದಿರುತ್ತದೆ. ದೂರು ಹೊಸಬರ ಮೇಲೆ ಬರುತ್ತದೆ.

ಅವರ ಪಾಲಿನ ತಪ್ಪು ಅದರಲ್ಲಿ ಕಡಿಮೆ. ಮುಖ್ಯ ಪಾತ್ರಧಾರಿ ಬದಲಾದ ದಿನವೇ ಅವರ ಜೊತೆ ಮಾತಾಡುವ ಪ್ರತಿಯೊಬ್ಬರ ಪಾತ್ರವೂ ಬದಲಾಗಿರುತ್ತದೆ, ಬೆಳಕು-ಸಂಗೀತದವರ ಕೆಲಸವೂ ಬದಲಾಗಿರುತ್ತದೆ. ಈ ಸಹನಟರಿಗೆ, ಬೆಳಕು-ಸಂಗೀತದವರಿಗೆ ಮಾತ್ರ ತಾಲೀಮು ಸಿಕ್ಕಿರುವುದಿಲ್ಲ. ಹಾಗಾಗಿ ಈ ಕೆಲಸದ ಸೂತ್ರ ಒಂದೇ: ಹಳೆಯವರು ಮಾಡುತ್ತಿದ್ದುದರಲ್ಲಿ ಬೇರೆಯವರು ಯಾವುದನ್ನು ನೆಚ್ಚಿಕೊಂಡಿದ್ದರೋ ಅದನ್ನು ಉಳಿಸಿಕೊಳ್ಳಿ, ಅವರ ಧಾಟಿಯನ್ನು ಬಿಟ್ಟುಬಿಡಿ. ಮುಂದೆ ಬರುವುದೆಲ್ಲ ಈ ಎರಡನ್ನು ಬೇರ್ಪಡಿಸುವ ಕೆಲಸ. ಉದಾಹರಣೆ ಬೇಕಾದಲ್ಲಿ ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕವನ್ನು ಇಟ್ಟುಕೊಂಡಿದೆ. ಇಡೀ ನಾಟಕ ಒಬ್ಬನ ಮೇಲೆ, ಸುಲ್ತಾನ ತುಘಲಕನ ಮೇಲೆ, ನಿಂತಿರುವುದರಿಂದ ಆ ಒಬ್ಬ ಬದಲಾದಾಗ ಏನೇನು ಅಲುಗಾಡುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಲೆಕ್ಕ ಹಾಕಿ

ಹಿಂದಿನ ಪ್ರಯೋಗದ ವಿಡಿಯೊ ಹಾಕಿಕೊಂಡು ಐದು ಸಂಗತಿ ಬರೆದುಕೊಳ್ಳಿ: ಆ ಪಾತ್ರ ರಂಗದ ಮೇಲೆ ಎಷ್ಟು ನಿಮಿಷ ಇರುತ್ತದೆ, ಎಷ್ಟು ಸಲ ಮಾತು ಎತ್ತಿಕೊಳ್ಳುತ್ತದೆ, ಹಾಡು ಎಷ್ಟು, ಹೊಡೆದಾಟ ಅಥವಾ ಎತ್ತುವ-ಬೀಳುವ ಕೆಲಸ ಎಷ್ಟು, ವೇಷ ಬದಲಾವಣೆ ಎಷ್ಟು. ಎರಡು ಗಂಟೆಯ ನಾಟಕದಲ್ಲಿ ಮುಖ್ಯ ಪಾತ್ರ 70-80 ನಿಮಿಷ ರಂಗದ ಮೇಲಿದ್ದರೆ, ದಿನಕ್ಕೆ ಮೂರು ಗಂಟೆಯಂತೆ ಕನಿಷ್ಠ 12 ಸಂಜೆ ಬೇಕು. 18 ಸಿಕ್ಕರೆ ನೆಮ್ಮದಿ. ಏಳಕ್ಕಿಂತ ಕಡಿಮೆ ಇದ್ದರೆ ಪ್ರಯೋಗ ಮುಂದೂಡುವುದೇ ಸರಿ. ಸಭಾಂಗಣದ ಮುಂಗಡ ಹೋಗುತ್ತದೆ ಎಂಬ ಸಂಕಟ ಗೊತ್ತಿರುವುದೇ. ಆದರೂ ಅರೆಬೆಂದ ಪ್ರಯೋಗ ನೋಡಿದ ಪ್ರೇಕ್ಷಕ ಮುಂದಿನ ಸಲ ಟಿಕೆಟ್ ತೆಗೆದುಕೊಳ್ಳುವುದಿಲ್ಲ.

ಮುಂದೂಡಲು ಸಾಧ್ಯವೇ ಇಲ್ಲ ಎಂದಾದರೆ, ಪುಸ್ತಕ ಹಿಡಿದು ಆಡುವುದು ಮರ್ಯಾದೆಗೇಡಿನ ಕೆಲಸವೇನಲ್ಲ. ಪರದೆ ಏಳುವ ಮುಂಚೆ ಪ್ರೇಕ್ಷಕರಿಗೆ ನೇರವಾಗಿ ಹೇಳಿ. ಮಾತಿನ ಹಾಳೆಗಳನ್ನು ಪಾತ್ರದ ಕೈಯಲ್ಲಿ ಇರಬಹುದಾದ ವಸ್ತುವಿನೊಳಗೆ ಸೇರಿಸಿ. ಸುಲ್ತಾನನಿಗಾದರೆ ಫರ್ಮಾನಿನ ಸುರುಳಿ, ಶಾನುಭೋಗನಿಗಾದರೆ ಲೆಕ್ಕದ ಪುಸ್ತಕ. ಅಕ್ಷರ 16 ಪಾಯಿಂಟ್‌ಗಿಂತ ದೊಡ್ಡದಿರಲಿ, ಕಾಗದ ಬಿಳಿಯ ಬದಲು ತಿಳಿಗಂದು ಬಣ್ಣದ್ದಿರಲಿ. ಬಿಳಿ ಹಾಳೆಗೆ ಬಿದ್ದ ಬೆಳಕು ಗದ್ದದ ಕೆಳಗಿನಿಂದ ಮುಖಕ್ಕೆ ಹೊಡೆದು ವಿಕಾರವಾಗಿ ಕಾಣಿಸುತ್ತದೆ.

ಯಾರನ್ನು ಹಾಕುವುದು

ತಂಡದೊಳಗಿನವರನ್ನೇ ಮೇಲಕ್ಕೆ ಸರಿಸೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅವರಿಗೆ ನಾಟಕ ಕಿವಿಯಲ್ಲಿರುತ್ತದೆ, ಅರ್ಧ ಮಾತು ಆಗಲೇ ಬರುತ್ತದೆ. ಆದರೆ ಹಾಗೆ ಸರಿಸಿದರೆ ಒಂದು ಖಾಲಿ ಜಾಗ ಎರಡಾಗುತ್ತದೆ. ಸುಲ್ತಾನನ ಒಡನಾಡಿ, ಇತಿಹಾಸಕಾರ ಬರನಿಯ ಪಾತ್ರದವರನ್ನು ತುಘಲಕ್ ಮಾಡಿದರೆ ಬರನಿಗೂ ಹೊಸಬರು ಬೇಕು, ಆ ಇಬ್ಬರ ನಡುವಿನ ದೃಶ್ಯಗಳಲ್ಲಿ ಹಳೆಯದನ್ನು ಬಲ್ಲ ಪಾತ್ರಧಾರಿ ಎದುರು ಬದಿಯಲ್ಲಿ ಯಾರೂ ಉಳಿಯುವುದಿಲ್ಲ. ಒಳಗಿನವರ ಈಗಿನ ಪಾತ್ರ ಹತ್ತು ನಿಮಿಷಕ್ಕಿಂತ ಚಿಕ್ಕದಿದ್ದರೆ, ಅದನ್ನು ಇನ್ನೊಂದು ಪಾತ್ರದವರೇ ವೇಷ ಬದಲಿಸಿ ನಿಭಾಯಿಸುವಂತಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಇಲ್ಲದಿದ್ದರೆ ಹೊರಗಿನವರನ್ನು ಕರೆಯಿರಿ.

ನಿರ್ದೇಶಕರೇ ಬಣ್ಣ ಹಚ್ಚುವುದು ಇನ್ನೊಂದು ಆಕರ್ಷಣೆ. ಅವರಿಗೆ ಎಲ್ಲವೂ ಗೊತ್ತು, ನಿಜ. ಆದರೆ ಅವರು ರಂಗ ಹತ್ತಿದ ಮೇಲೆ ಕೆಳಗೆ ಕುಳಿತು ನೋಡುವ ಕಣ್ಣು ಇಲ್ಲವಾಗುತ್ತದೆ, ಅದೂ ನೋಡುವ ಕಣ್ಣು ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲಿ. ಹಾಗೆ ಮಾಡಲೇಬೇಕಾದರೆ ಸಹ ನಿರ್ದೇಶಕರಿಗೆ ಪೂರ್ತಿ ಅಧಿಕಾರ ಬಿಟ್ಟುಕೊಟ್ಟು, ಅದನ್ನು ತಂಡದೆದುರು ಹೇಳಿಬಿಡಿ.

ಆಯ್ಕೆಗೆ ಕೂರಿಸುವಾಗ ಒಂಟಿ ಸ್ವಗತ ಓದಿಸಬೇಡಿ. ಎದುರಿನ ಪಾತ್ರದವರನ್ನು ಜೊತೆಗೆ ನಿಲ್ಲಿಸಿ ಎರಡು ದೃಶ್ಯ ಓದಿಸಿ: ಒಂದು ಜಗಳದ್ದು, ಒಂದು ಸುಮ್ಮನೆ ಕೇಳಿಸಿಕೊಳ್ಳುವುದು. ನಿಮಗೆ ಬೇಕಾದವರು ಎರಡನೆಯದರಲ್ಲಿ ಸಿಗುತ್ತಾರೆ. ಇಷ್ಟು ಕಡಿಮೆ ದಿನದಲ್ಲಿ ಒಳ್ಳೆಯ ಕಂಠಕ್ಕಿಂತ ಕೇಳಿಸಿಕೊಳ್ಳುವ ಗುಣವೇ ತಂಡವನ್ನು ಕಾಪಾಡುತ್ತದೆ. ಉಳಿದ ಎಲ್ಲ ಪ್ರಯೋಗಗಳ ತಾರೀಖನ್ನೂ ಅದೇ ದಿನ ಒಪ್ಪಿಸಿಕೊಳ್ಳಿ.

ಹಳೆಯ ಪಾತ್ರಧಾರಿ ಹೊರಡುವ ಮುನ್ನ

ಪುಸ್ತಕದಲ್ಲಿ ಅಚ್ಚಾದ ನಾಟಕ ಬೇರೆ, ರಂಗದ ಮೇಲೆ ಆಡುವ ನಾಟಕ ಬೇರೆ. ಹತ್ತು ಹದಿನೈದು ಪ್ರಯೋಗ ಆಗುವಷ್ಟರಲ್ಲಿ ಮಾತು ಕತ್ತರಿಸಿರುತ್ತದೆ, ಎರಡು ಸ್ಪೀಚ್ ಹಿಂದುಮುಂದಾಗಿರುತ್ತವೆ, ನಟ ತನಗೆ ನಾಲಿಗೆ ತಿರುಗದ ಪದ ಬಿಟ್ಟು ಇನ್ನೊಂದು ಹಾಕಿಕೊಂಡಿರುತ್ತಾನೆ. ಹೊಸಬರು ಅಚ್ಚಿನ ಪುಸ್ತಕದಿಂದ ಕಲಿತು ಬಂದರೆ ಮೊದಲ ತಾಲೀಮಿನಲ್ಲೇ ಎಲ್ಲರೂ ಮುಗ್ಗರಿಸುತ್ತಾರೆ. ಆದ್ದರಿಂದ ಮೊದಲ ಕೆಲಸ, ವಿಡಿಯೊ ಕೇಳುತ್ತಾ ಈಗ ಆಡುತ್ತಿರುವ ಮಾತನ್ನು ಇದ್ದಂತೆ ಟೈಪ್ ಮಾಡುವುದು. ಎರಡು ಗಂಟೆಯ ನಾಟಕಕ್ಕೆ ಇಬ್ಬರು ಕೂತರೆ ಒಂದು ರಜಾದಿನ ಸಾಕು.

ಆ ಪ್ರತಿಯ ಬಲಗಡೆ ಅಗಲವಾದ ಖಾಲಿ ಜಾಗ ಬಿಡಿ. ಅಲ್ಲಿ ಮೂರು ಬಣ್ಣದಲ್ಲಿ ಬರೆಯಿರಿ. ನಿರ್ದೇಶಕರು ಕೊಟ್ಟ ಚಲನೆ ನೀಲಿ. ನಟ ತಾನಾಗಿ ಸೇರಿಸಿಕೊಂಡದ್ದು ಹಸಿರು. ಬೇರೆ ಯಾರಾದರೂ ಅದನ್ನು ನೋಡಿ ಅಥವಾ ಕೇಳಿ ತಮ್ಮ ಕೆಲಸ ಶುರುಮಾಡುತ್ತಿದ್ದರೆ ಕೆಂಪು. ಕೆಂಪು ಬರೆಯಲು ವಿಡಿಯೊ ಸಾಲದು. ಪ್ರತಿ ಸಹನಟರನ್ನೂ ಬೆಳಕಿನವರನ್ನೂ ಸಂಗೀತದವರನ್ನೂ ಕೂರಿಸಿಕೊಂಡು ಕೇಳಿ: ನೀವು ಶುರುಮಾಡುವುದು ಯಾವ ಮಾತಿಗೆ? ಆ ಮಾತು ಬಾರದಿದ್ದರೆ ಇನ್ನೇನು ನೋಡುತ್ತೀರಿ? ಎಲ್ಲಿ ಅವರು ನಿಮ್ಮನ್ನು ಕಾಪಾಡುತ್ತಾರೆ? ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳಿಗೆ ಬೆಲೆ ಕಟ್ಟಲಾಗದು. ವಯಸ್ಸಾದ ನಟಿ ಮೆಟ್ಟಿಲಿಳಿಯುವಾಗ ಅವರು ಮೊಣಕೈ ಕೊಡುತ್ತಿದ್ದರು, ಚಿಕ್ಕ ಹುಡುಗ ಮಾತು ಮರೆತರೆ ಮೆಲ್ಲಗೆ ಪ್ರಶ್ನೆಯ ರೂಪದಲ್ಲಿ ಎತ್ತಿಕೊಡುತ್ತಿದ್ದರು, ದೃಶ್ಯದ ಕೊನೆಗೆ ಬಿದ್ದ ಬಟ್ಟಲನ್ನು ಕಾಲಲ್ಲಿ ವಿಂಗ್ (ರಂಗದ ಬದಿಯ ಮರೆ) ಕಡೆ ಸರಿಸಿ ಹೋಗುತ್ತಿದ್ದರು. ಇವು ಯಾವ ಸ್ಕ್ರಿಪ್ಟಿನಲ್ಲೂ ಇಲ್ಲ, ಅವರು ಹೋದ ದಿನವೇ ಇವೂ ಹೋಗುತ್ತವೆ.

ಹೊಸಬರಿಗೆ ಕೊಡುವಾಗ ಕೆಂಪು ಕಡ್ಡಾಯ. ನೀಲಿಯಲ್ಲಿ ಮಾತುಕತೆಗೆ ಅವಕಾಶವಿದೆ. ಹಸಿರನ್ನು ಅವರ ಪ್ರತಿಯಿಂದ ಪೂರ್ತಿ ಅಳಿಸಿ ಕೊಡಿ. ಹಳೆಯ ನಟರು ನಿಲ್ಲುತ್ತಿದ್ದ ಮೌನ, ಗಡ್ಡ ಸವರುವ ಅಭ್ಯಾಸ, ಮಾತಿನ ಕೊನೆಗೆ ಇಳಿಸುವ ದನಿ ಎಲ್ಲಕ್ಕೂ ಅವರೊಳಗೆ ಒಂದು ಕಾರಣವಿತ್ತು. ಕಾರಣವಿಲ್ಲದೆ ಎರವಲು ಪಡೆದ ಮೌನ ಪ್ರೇಕ್ಷಕರಿಗೆ ಮಾತು ಮರೆತಂತೆ ಕಾಣುತ್ತದೆ.

ವಿಡಿಯೊವನ್ನು ಹೊಸಬರು ಒಂದೇ ಸಲ, ಮ್ಯೂಟ್ ಮಾಡಿ ನೋಡಲಿ. ಚಲನೆಯ ನಕಾಶೆ ತಲೆಗೆ ಬಂದರೆ ಸಾಕು. ಹಳೆಯ ಪಾತ್ರಧಾರಿ ಸಿಗುವಂತಿದ್ದರೆ ಎರಡು ಗಂಟೆ ಇಬ್ಬರೇ ಕೂತು ಮಾತಾಡಲಿ. ಎಲ್ಲಿ ಉಸಿರು ಸಾಲುತ್ತಿರಲಿಲ್ಲ, ಯಾವ ಲೆವೆಲ್ (ರಂಗದ ಮೇಲೆ ಇಡುವ ಎತ್ತರದ ಕಟ್ಟೆ) ಅಲುಗಾಡುತ್ತದೆ, ಯಾವ ವೇಷದ ಗುಂಡಿ ಕೈಕೊಡುತ್ತದೆ ಎಂಬುದನ್ನೆಲ್ಲ ಕೇಳಿಕೊಳ್ಳಲಿ. ಅದಾದ ಮೇಲೆ ಹಳೆಯ ಪಾತ್ರಧಾರಿ ತಾಲೀಮಿಗೆ ಬಂದು ಕೂರದಿರುವುದೇ ಒಳ್ಳೆಯದು. ಅವರ ಮೇಲಿನ ಪ್ರೀತಿಯಿಂದಲೇ ಸಹನಟರ ಕಣ್ಣು ಅತ್ತ ಹೋಗುತ್ತಿರುತ್ತದೆ.

ಕ್ಯೂ ಎಲ್ಲಿ ಕಳೆದುಹೋಗುತ್ತದೆ

ಕ್ಯೂ ಅಂದರೆ ಇನ್ನೊಬ್ಬರು ತಮ್ಮ ಮಾತು ಅಥವಾ ಕೆಲಸ ಶುರುಮಾಡಲು ಕಾಯುವ ಸೂಚನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಎದುರಿನವರು ಕಾಯುವುದೂ ಹೆಚ್ಚಾಗಿ ಅದಕ್ಕೇ. "ನಾಳೆ ಸಂಜೆಯೊಳಗೆ ಉತ್ತರ ಬರಬೇಕು" ಎಂದು ಹಳೆಯವರು ಹೇಳುತ್ತಿದ್ದರು, "ಬರಬೇಕು" ಎನ್ನುತ್ತಲೇ ದೂತ ತಲೆಬಾಗಿ ಮಾತು ಎತ್ತುತ್ತಿದ್ದ. ಹೊಸಬರು ಒತ್ತು ಕೊಡಲೆಂದು "ಉತ್ತರ ಬರಬೇಕು, ನಾಳೆ ಸಂಜೆಯೊಳಗೆ" ಅಂದರು ಅಂತಿಟ್ಟುಕೊಳ್ಳಿ. ಅರ್ಥ ಕೆಡಲಿಲ್ಲ, ಒಂದು ರೀತಿಯಲ್ಲಿ ಚೆನ್ನಾಗೂ ಇದೆ. ಆದರೆ ದೂತ "ಬರಬೇಕು"ಗೆ ಮಾತು ಎತ್ತಿಬಿಡುತ್ತಾನೆ. ಗಡುವು ಏನೆಂಬುದು ಅವನ ಮಾತಿನಡಿ ಮುಚ್ಚಿಹೋಗುತ್ತದೆ, ಮುಂದಿನ ದೃಶ್ಯದಲ್ಲಿ ಗಡುವು ಮೀರಿದ್ದು ಯಾಕೆ ದೊಡ್ಡ ಸಂಗತಿ ಎಂದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ. ಅದೇ ಪದಕ್ಕೆ ಬೆಳಕು ಮಂಕಾಗಬೇಕಿದ್ದರೆ ಗಡುವನ್ನು ಅರೆಗತ್ತಲಲ್ಲಿ ಹೇಳಿದಂತಾಗುತ್ತದೆ.

ಆದ್ದರಿಂದ ಕ್ಯೂ ಇರುವ ವಾಕ್ಯದ ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದು ಕೊಡಿ: ಇವು ಅಕ್ಷರಶಃ ಇದೇ ಕ್ರಮದಲ್ಲಿ ಬರಬೇಕು. ವಾಕ್ಯದ ಉಳಿದ ಭಾಗದಲ್ಲಿ ಉಸಿರಾಡಲು ಸ್ವಲ್ಪ ಸ್ವಾತಂತ್ರ್ಯವಿರಲಿ. ಹೊಸಬರ ಮಾತುಕ್ರಮವೇ ದೃಶ್ಯಕ್ಕೆ ಒಳ್ಳೆಯದು ಅನ್ನಿಸಿದರೆ ಒಪ್ಪಿಕೊಳ್ಳಿ. ಆದರೆ ಅದನ್ನು ಆ ದಿನವೇ ಎಲ್ಲರ ಪ್ರತಿಯಲ್ಲೂ ತಿದ್ದಿಸಿ.

ಪ್ರಾದೇಶಿಕ ಮಾತೂ ಇಲ್ಲಿ ಸೇರಿಕೊಳ್ಳುತ್ತದೆ. ಮೈಸೂರು ಕಡೆಯವರು "ಮಾಡ್ತಾ ಇದೀನಿ" ಅನ್ನುವಲ್ಲಿ ಧಾರವಾಡದವರ ಬಾಯಲ್ಲಿ "ಮಾಡಾಕತ್ತೀನಿ", ಮಂಗಳೂರಿನವರಲ್ಲಿ "ಮಾಡ್ತಾ ಇದ್ದೇನೆ" ಬರುತ್ತದೆ. ಕ್ರಿಯಾಪದದ ಬಾಲವೇ ಬೇರೆಯಾದರೆ ಕಿವಿಗೆ ಕ್ಯೂ ಸಿಗುವುದಿಲ್ಲ. ನಾಟಕ ಗ್ರಂಥಸ್ಥ ಭಾಷೆಯಲ್ಲಿದ್ದರೆ ತೊಂದರೆ ಕಡಿಮೆ. ಆಡುಮಾತಿನ ನಾಟಕವಾದರೆ ನಿರ್ದೇಶಕರು ಮೊದಲ ದಿನವೇ ತೀರ್ಮಾನಿಸಬೇಕು: ಹೊಸಬರು ಭಾಷೆ ತಿದ್ದಿಕೊಳ್ಳುತ್ತಾರೋ, ಪಾತ್ರವೇ ಆ ಊರಿನದಾಗುತ್ತದೋ. ಎರಡನೆಯದಾದರೆ ಪಾತ್ರದ ತಾಯಿ, ಅಣ್ಣ-ತಮ್ಮಂದಿರ ಮಾತನ್ನೂ ಜೊತೆಗೆ ಬದಲಿಸಬೇಕಾಗುತ್ತದೆ. ಹನ್ನೆರಡು ದಿನದಲ್ಲಿ ಅದು ಆಗದ ಮಾತು.

ಯಕ್ಷಗಾನದಲ್ಲಿ ಕೊನೆ ಗಳಿಗೆಯಲ್ಲಿ ಬದಲಿ ಕಲಾವಿದರು ಬಂದರೂ ಪ್ರಸಂಗ ನಿಲ್ಲದಿರಲು ಕಾರಣವಿದೆ. ಅಲ್ಲಿ ಪದ್ಯ ಎತ್ತುವ, ನಿಲ್ಲಿಸುವ ಭಾಗವತರು ರಂಗದ ಮೇಲೇ ಇರುತ್ತಾರೆ, ಅರ್ಥಗಾರಿಕೆ ಆಶುವಾಗಿ ಬರುತ್ತದೆ. ಬರೆದ ಮಾತಿನ ನಾಟಕದಲ್ಲಿ ಹಾಗೆ ನಡೆಸುವವರು ರಂಗದ ಮೇಲೆ ಇಲ್ಲ. ಬಹುಮಟ್ಟಿಗೆ ಆ ಕೆಲಸವನ್ನು ಮುಖ್ಯ ಪಾತ್ರಧಾರಿಯೇ ತಿಳಿಯದಂತೆ ಮಾಡುತ್ತಿರುತ್ತಾರೆ.

ಹನ್ನೆರಡು ಸಂಜೆ

ಮೊದಲ ಎರಡು ಸಂಜೆ ಕೂತು ಓದು, ಎಲ್ಲ ಸಹನಟರೂ ಇರಬೇಕು. "ನಮ್ಮ ಮಾತು ನಮಗೆ ಗೊತ್ತಲ್ಲ" ಎಂದು ತಪ್ಪಿಸಿಕೊಳ್ಳುವವರನ್ನೇ ಮುಖ್ಯವಾಗಿ ಕರೆಸಿ. ಓದುವಾಗ ಹಳಬರು ಪುಸ್ತಕ ನೋಡದೆ ಹೊಸಬರ ಮುಖ ನೋಡಿ ಮಾತಾಡಲಿ. ಮೂರರಿಂದ ಆರನೆಯ ಸಂಜೆವರೆಗೆ ಚಲನೆ, ದಿನಕ್ಕೆ ನಾಟಕದ ಕಾಲು ಭಾಗದಂತೆ. ನೆಲದ ಮೇಲೆ ಬಣ್ಣದ ಟೇಪಿನಲ್ಲಿ ಲೆವೆಲ್, ಸಿಂಹಾಸನ, ಬಾಗಿಲು ಗುರುತಿಸಿ. ಮೊದಲು ನಾಟಕದ ಕ್ರಮದಲ್ಲಿ ಹೋಗಬೇಡಿ. ಹೆಚ್ಚು ಜನರಿರುವ ದೃಶ್ಯ, ಹೊಡೆದಾಟ, ವೇಷ ಬದಲಾವಣೆಗೆ ಆತುಕೊಂಡ ದೃಶ್ಯ ಇವು ಮೊದಲು. ಇಬ್ಬರೇ ಇರುವ ದೃಶ್ಯಗಳನ್ನು ಆ ಇಬ್ಬರು ಬೆಳಿಗ್ಗೆ ಎಲ್ಲಾದರೂ ಸೇರಿ ಮಾಡಿಕೊಳ್ಳಬಹುದು.

ಏಳನೆಯ ಸಂಜೆ ಪುಸ್ತಕ ಕೆಳಗಿಡಬೇಕು. ಆ ದಿನ ಎಲ್ಲವೂ ಕುಸಿದಂತೆ ಕಾಣುತ್ತದೆ, ಅದಕ್ಕೆ ಹೆದರಿ ಮತ್ತೆ ಪುಸ್ತಕ ಕೊಡಬೇಡಿ. ಎಂಟನೆಯ ದಿನ ಮಾತಿನ ಓಟ: ಎಲ್ಲರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಅಭಿನಯವಿಲ್ಲದೆ, ಇಮ್ಮಡಿ ವೇಗದಲ್ಲಿ ಇಡೀ ನಾಟಕದ ಮಾತು. ಮುಖ ಕಾಣದಿದ್ದಾಗ ಕಿವಿ ಚುರುಕಾಗುತ್ತದೆ, ಯಾರು ಕ್ಯೂಗೆ ಕಾಯದೆ ಹಳೆಯ ಲಯದ ಅಭ್ಯಾಸಬಲದಿಂದ ಮಾತಾಡುತ್ತಿದ್ದಾರೆ ಎಂಬುದು ತಕ್ಷಣ ಬಯಲಾಗುತ್ತದೆ.

ಒಂಬತ್ತು ಮತ್ತು ಹತ್ತನೆಯ ಸಂಜೆ ನಿಲ್ಲಿಸದೆ ರನ್‌ಥ್ರೂ, ಗಡಿಯಾರ ಹಿಡಿದು. ನಾಟಕ ಉದ್ದವಾಗಿಯೇ ಇರುತ್ತದೆ. ಮುಖ್ಯ ಪಾತ್ರದ ಸುತ್ತ 300 ಸಲ ಮಾತು ಕೈಬದಲಾದರೆ, ಪ್ರತಿ ಸಲ ಒಂದು ಸೆಕೆಂಡ್ ತಡವಾದರೂ ಐದು ನಿಮಿಷ. ಇಲ್ಲಿ ನಿರ್ದೇಶಕರು ಸಾಮಾನ್ಯವಾಗಿ ಹೊಸಬರಿಗೆ "ಬೇಗ ಬೇಗ ಹೇಳಿ" ಅನ್ನುತ್ತಾರೆ. ಅದರಿಂದ ಮಾತು ಅಸ್ಪಷ್ಟವಾಗುತ್ತದೆ, ಸಮಯ ಅಷ್ಟೇ ಇರುತ್ತದೆ. ಸೋರಿಕೆ ಮಾತಿನೊಳಗಿಲ್ಲ, ಮಾತು ಮಾತಿನ ನಡುವೆ ಇದೆ. ಮಾತು ಇದ್ದಂತೇ ಇರಲಿ, ಎತ್ತಿಕೊಳ್ಳುವುದು ಮಾತ್ರ ಬಿಗಿಯಾಗಲಿ ಎಂದು ಹೇಳಬೇಕಾದುದು ಎಲ್ಲರಿಗೂ.

ಹನ್ನೊಂದನೆಯದು ತಾಂತ್ರಿಕ ತಾಲೀಮು, ಹನ್ನೆರಡನೆಯದು ಪೂರ್ತಿ ವೇಷದ ಗ್ರ್ಯಾಂಡ್ ರಿಹರ್ಸಲ್. ಬ್ರಾಡ್‌ವೇಯಲ್ಲಿ ಓಡುತ್ತಿರುವ ನಾಟಕಕ್ಕೆ ಹೊಸ ನಟ ಬಂದಾಗ ನಡೆಸುವ 'ಪುಟ್-ಇನ್' ತಾಲೀಮಿನಲ್ಲಿ ಹೊಸಬರು ಪೂರ್ತಿ ವೇಷದಲ್ಲಿ, ಉಳಿದವರು ತಮ್ಮ ದಿನನಿತ್ಯದ ಬಟ್ಟೆಯಲ್ಲಿ ಇರುವುದು ರೂಢಿ. ನಮ್ಮ ತಂಡಗಳಿಗೂ ಅದು ಹೊಂದುತ್ತದೆ. ಎಲ್ಲರ ಮೇಕಪ್ಪಿಗೆ ಹೋಗುವ ಎರಡು ಗಂಟೆ ಉಳಿಯುತ್ತದೆ.

ಹೊಡೆದಾಟಕ್ಕೆ ಬೇರೆಯೇ ಶಿಸ್ತು. 'ತುಘಲಕ್'ನಲ್ಲಿ ಪ್ರಾರ್ಥನೆಯ ಹೊತ್ತಿಗೆ ಸುಲ್ತಾನನನ್ನು ಕೊಲ್ಲುವ ಸಂಚು ಮುರಿದುಬಿದ್ದು, ಅವನೇ ಸಂಚಿನಲ್ಲಿದ್ದ ಶಿಹಾಬುದ್ದೀನನನ್ನು ಇರಿಯುವ ದೃಶ್ಯ ಇದೆಯಲ್ಲ, ಹೊಸ ಕೈಗೆ ಆ ಕಠಾರಿ ಮೊದಲ ದಿನ ಕೊಡಬೇಡಿ. ಬರಿಗೈಯಲ್ಲಿ ಕಾಲು ವೇಗ, ಆಮೇಲೆ ಅರ್ಧ ವೇಗ, ಆಮೇಲೆ ಪರಿಕರ ಹಿಡಿದು ಮತ್ತೆ ಕಾಲು ವೇಗದಿಂದ. ಪೂರ್ತಿ ವೇಗ ಬರುವುದು ಹತ್ತನೆಯ ಸಂಜೆ. ತೋಳಿನ ಉದ್ದ ಬದಲಾಗಿರುವುದರಿಂದ ನಡುವಿನ ದೂರವನ್ನು ಹೊಸದಾಗಿ ಅಳೆದು ಗುರುತು ಹಾಕಿ. ಪ್ರತಿ ಪ್ರಯೋಗದ ಮುಂಚೆ ಆ ದೃಶ್ಯವನ್ನು ಒಮ್ಮೆ ಅರ್ಧ ವೇಗದಲ್ಲಿ ಮಾಡಿಯೇ ಪರದೆ ಏಳಬೇಕು. ಇಬ್ಬರು ಮುಟ್ಟುವ, ಅಪ್ಪುವ ದೃಶ್ಯಗಳಲ್ಲೂ ಹಳೆಯ ಜೋಡಿಯ ಒಪ್ಪಿಗೆ ಹೊಸ ಜೋಡಿಗೆ ಅನ್ವಯಿಸುವುದಿಲ್ಲ. ಎಲ್ಲಿ ಕೈ, ಎಷ್ಟು ಹೊತ್ತು ಎಂದು ಇಬ್ಬರನ್ನೂ ಕೇಳಿ ಮತ್ತೆ ಕಟ್ಟಿ.

ಎತ್ತರ, ಬೆಳಕು, ಬಟ್ಟೆ

ಐದು ಅಡಿ ಹತ್ತು ಇಂಚಿನವರ ಜಾಗಕ್ಕೆ ಐದು ಅಡಿ ನಾಲ್ಕು ಇಂಚಿನವರು ಬಂದರೆ, ಮುಂದಿನಿಂದ 45 ಡಿಗ್ರಿಯಲ್ಲಿ ಇಳಿಯುವ ಬೆಳಕಿನ ನಡುಭಾಗ ಹೊಸ ಮುಖದ ಎತ್ತರದಲ್ಲಿ ಸುಮಾರು ಆರು ಇಂಚು ಹಿಂದಕ್ಕೆ ಸರಿದಿರುತ್ತದೆ. ನಿಲ್ಲುವ ಗುರುತನ್ನು ಆರು ಇಂಚು ಹಿಂದೆ ತನ್ನಿ, ಇಲ್ಲವೇ ದೀಪವನ್ನು ಅಷ್ಟು ಬಗ್ಗಿಸಿ. ಹಿಂದಿನಿಂದ ಬರುವ ಬೆಳಕಿಗೆ ಲೆಕ್ಕ ತಿರುವುಮುರುವು. ಒಬ್ಬರಿಗಾಗಿಯೇ ಇಟ್ಟ ಸ್ಪೆಷಲ್ ಬೆಳಕುಗಳನ್ನು ಮಾತ್ರ ನೋಡಿದರೆ ಸಾಕು, ಇಡೀ ರಂಗದ ಸಾಮಾನ್ಯ ಬೆಳಕಿಗೆ ಇಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ. ಪೇಟದ ನೆರಳು ಕಣ್ಣಿನ ಮೇಲೆ ಬೀಳುತ್ತಿದೆಯೇ ಎಂಬುದನ್ನು ಮೇಕಪ್ ಆದ ಮೇಲೇ ಪರೀಕ್ಷಿಸಿ.

ಗಿಡ್ಡ ಸುಲ್ತಾನನ ಸುತ್ತ ಎತ್ತರದ ಅಮೀರರು ನಿಂತರೆ ದರಬಾರಿನ ಅರ್ಥವೇ ಬದಲಾಗುತ್ತದೆ. ಅವನನ್ನು ಒಂದು ಅಡಿ ಲೆವೆಲ್ ಮೇಲೆ ನಿಲ್ಲಿಸಬಹುದು, ಅಮೀರರನ್ನು ಕೂರಿಸಬಹುದು, ಅಥವಾ ಆ ವ್ಯತ್ಯಾಸವನ್ನೇ ಬಳಸಿಕೊಳ್ಳಬಹುದು. ತಲೆಯೆತ್ತಿ ನೋಡುತ್ತಲೇ ಎಲ್ಲರನ್ನೂ ಹೆದರಿಸುವ ಸುಲ್ತಾನ ಇನ್ನೂ ಹೆಚ್ಚು ಅಪಾಯದವನಾಗಿ ಕಾಣಬಹುದು. ಸಿಂಹಾಸನದಲ್ಲಿ ಕೂತಾಗ ಕಾಲು ನೆಲ ಮುಟ್ಟದಿದ್ದರೆ ಮಾತ್ರ ಯಾವ ಅಭಿನಯವೂ ಉಳಿಸುವುದಿಲ್ಲ. 18 ಇಂಚಿನ ಪೀಠಕ್ಕೆ ಮೂರು ಇಂಚಿನ ಕಾಲ್ಮಣೆ ಹಾಕಿ.

ಬಟ್ಟೆಯಲ್ಲಿ ಸೊಂಟ, ಎದೆ ಬಿಚ್ಚಿ ಹೊಲಿಯಬಹುದು, ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದರೆ. ಭುಜ ಆಗುವುದಿಲ್ಲ. ಭುಜ ಹೊಂದದಿದ್ದರೆ ಹೊಸದನ್ನೇ ಹೊಲಿಸಿ. ಚಪ್ಪಲಿ, ಮೋಜಡಿ ಎಂದೂ ಎರವಲು ಬೇಡ. ಅಳತೆ ತಪ್ಪಿದ ಪಾದರಕ್ಷೆ ನಡಿಗೆಯನ್ನೇ ಕೆಡಿಸುತ್ತದೆ. ಉದ್ದ ನಿಲುವಂಗಿ ಇದ್ದರೆ ಮೂರನೆಯ ಸಂಜೆಯಿಂದಲೇ ಅಷ್ಟುದ್ದದ ಹಳೆಯ ಪಂಚೆಯನ್ನೋ ಶಾಲನ್ನೋ ಕಟ್ಟಿಸಿ ತಾಲೀಮು ಮಾಡಿಸಿ, ಇಲ್ಲದಿದ್ದರೆ ಗ್ರ್ಯಾಂಡ್ ರಿಹರ್ಸಲ್ ದಿನ ಮೆಟ್ಟಿಲಲ್ಲಿ ಎಡವುತ್ತಾರೆ. ವೇಷ ಬದಲಿಸಲು ಹಳಬರಿಗೆ 40 ಸೆಕೆಂಡ್ ಸಾಕಾಗಿದ್ದರೆ ಹೊಸಬರಿಗೆ 60 ಹಿಡಿಯುತ್ತದೆ. ಗುಂಡಿಯ ಜಾಗಕ್ಕೆ ವೆಲ್ಕ್ರೋ ಹಾಕಿ, ವಿಂಗಿನಲ್ಲಿ ಒಬ್ಬರನ್ನು ನೇಮಿಸಿ. ಗಡ್ಡ ಅಂಟಿಸುವ ಸ್ಪಿರಿಟ್ ಗಮ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಂದು ದಿನ ಮೊದಲೇ ಒಳತೋಳಿಗೆ ಹಚ್ಚಿ ನೋಡಿ.

ಹಾಡು ಇದ್ದರೆ

ಪಾತ್ರಧಾರಿ ಬದಲಾದರೆ ಶ್ರುತಿ ಬದಲಾಗುತ್ತದೆ. ಹಾರ್ಮೋನಿಯಂನ ಕಪ್ಪು ಒಂದನೇ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದವರ ಜಾಗಕ್ಕೆ ಬಿಳಿ ಮೂರನೇ ಮನೆಯವರು ಬಂದರೆ ಹಾರ್ಮೋನಿಯಂನವರಿಗೆ ಅಭ್ಯಾಸದ ಪ್ರಶ್ನೆ ಅಷ್ಟೇ. ತಬಲಾದವರಿಗೆ ಹಾಗಲ್ಲ: ಬಲಗೈ ತಬಲಾವನ್ನು ಅರ್ಧ ಸ್ವರ ಏರಿಸಬಹುದು ಅಥವಾ ಇಳಿಸಬಹುದು, ಅದಕ್ಕಿಂತ ಹೆಚ್ಚಾದರೆ ನಾದ ಸಾಯುತ್ತದೆ. ಬೇರೆ ಬಾಯಿಯಳತೆಯ ತಬಲಾ ತರಿಸಬೇಕು, ಶ್ರುತಿ ಮೇಲಾದಷ್ಟೂ ಬಾಯಿ ಚಿಕ್ಕದು. ಜೊತೆಗೆ ಹಾಡುವ ಮೇಳದವರ ಕಷ್ಟ ಇನ್ನೂ ದೊಡ್ಡದು. ನಾಯಕನಿಗೆ ಹಿತವಾದ ಶ್ರುತಿಯಲ್ಲಿ ಅವರ ತಾರಸ್ಥಾಯಿ ಒಡೆಯುತ್ತದೆ. ಪಲ್ಲವಿಯನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡಿಸುವುದು ಒಂದು ದಾರಿ. ಶ್ರುತಿ ಗೊತ್ತುಮಾಡುವುದನ್ನು ಬೆಳಿಗ್ಗೆ, ದಣಿಯದ ಗಂಟಲಿನಲ್ಲಿ ಮಾಡಬೇಡಿ. ಆ ಹಾಡಿನ ಹಿಂದಿನ ದೃಶ್ಯವನ್ನು ಪೂರ್ತಿ ಆಡಿಸಿ, ಏದುಸಿರಿನಲ್ಲೇ ಹಾಡಿನ ಅತಿ ಎತ್ತರದ ಸಾಲು ಹಾಡಿಸಿ. ಅಲ್ಲಿ ನಿಂತ ಶ್ರುತಿಯೇ ನಿಜವಾದದ್ದು.

ಧ್ವನಿಮುದ್ರಿತ ಸಂಗೀತವಾದರೆ ಕಂಪ್ಯೂಟರಿನಲ್ಲಿ ಒಂದು ಸ್ವರದಷ್ಟು ಸರಿಸಬಹುದು, ಅದಕ್ಕೂ ಮೀರಿದರೆ ವಾದ್ಯಗಳ ದನಿ ಕೃತಕವಾಗುತ್ತದೆ, ಮರುಮುದ್ರಣವೇ ದಾರಿ. ಪ್ರವೇಶದ ತುಣುಕುಗಳ ಉದ್ದವನ್ನೂ ನೋಡಿ. ಹಳಬರ ದಾಪುಗಾಲಿಗೆ 14 ಸೆಕೆಂಡಿನ ಸಂಗೀತ ಸರಿಹೊಂದಿರುತ್ತದೆ, ಹೊಸಬರು ಸಿಂಹಾಸನ ಮುಟ್ಟುವ ಮುಂಚೆ ಅದು ಮುಗಿದು ಎರಡು ಹೆಜ್ಜೆ ಮೌನದಲ್ಲಿ ಇಡಬೇಕಾಗುತ್ತದೆ. ಕೊನೆಯ ಭಾಗವನ್ನು ಬೇರೆ ತುಣುಕಾಗಿ ಕತ್ತರಿಸಿ, ಅವರು ಕೂತಾಗ ಹಾಕುವಂತೆ ಮಾಡಿ.

ನಾಟಕದ ತೂಕ ಎತ್ತ ಸರಿಯುತ್ತದೆ

ಇಷ್ಟೂ ಕೈಕೆಲಸ. ನಿರ್ದೇಶಕರ ಅಸಲು ಕೆಲಸ ಇಲ್ಲಿಂದ ಮುಂದೆ.

ತುಘಲಕನ ಪಾತ್ರವೆಂದರೆ ಕನ್ನಡದಲ್ಲಿ ಸಿ.ಆರ್. ಸಿಂಹ ನೆನಪಾಗುತ್ತಾರೆ. ದೆಹಲಿಯ ಪುರಾನಾ ಕಿಲಾದಲ್ಲಿ ಇಬ್ರಾಹಿಂ ಅಲ್ಕಾಜಿ ಆಡಿಸಿದ ಪ್ರಯೋಗವೆಂದರೆ ಮನೋಹರ್ ಸಿಂಗ್. ಪ್ರೇಕ್ಷಕ ಒಂದು ಚಿತ್ರ ತಲೆಯಲ್ಲಿಟ್ಟುಕೊಂಡೇ ಬಂದಿರುತ್ತಾನೆ. ಆ ಚಿತ್ರದ ಜೊತೆ ಪೈಪೋಟಿಗೆ ಹೋಗದೆ, ಹೊಸಬರ ವಯಸ್ಸು, ಮೈಕಟ್ಟು, ದನಿ ನಾಟಕದ ಯಾವ ತುದಿಗೆ ಸಹಜವಾಗಿ ಒದಗುತ್ತವೆ ಎಂದು ನೋಡಬೇಕು. ಕನಸುಗಾರನಾಗಿ ಶುರುವಾಗುವ ಸುಲ್ತಾನ ಕೆಲವೇ ವರ್ಷಗಳಲ್ಲಿ ಒಂಟಿಯಾಗಿ, ದಣಿದು, ಕ್ರೂರಿಯಾಗಿ ಮುಗಿಯುತ್ತಾನೆ. ನಲವತ್ತೈದರ ನಟನಿಗೆ ಕೊನೆಯ ಭಾಗ ತಾನಾಗಿ ಬರುತ್ತದೆ, ಕಷ್ಟವಾಗುವುದು ಮೊದಲ ದೃಶ್ಯಗಳ ಹುರುಪು. ಇಪ್ಪತ್ತೆಂಟರವನಿಗೆ ತದ್ವಿರುದ್ಧ. ಹನ್ನೆರಡು ಸಂಜೆಯ ಹೆಚ್ಚಿನ ಪಾಲನ್ನು ಆಯಾ ನಟನಿಗೆ ಬಾರದ ಅರ್ಧಕ್ಕೆ ಕೊಡಿ. ದೌಲತಾಬಾದಿನ ಕೋಟೆಯ ಮೇಲೆ ಸುಲ್ತಾನ ಎಳೆಯ ಕಾವಲುಗಾರನ ಜೊತೆ ಮಾತಾಡುತ್ತಾ ತನ್ನ ಯೌವನ ನೆನೆಯುವ ದೃಶ್ಯದಲ್ಲಿ ಇಬ್ಬರ ವಯಸ್ಸಿನ ಅಂತರ ಕಣ್ಣಿಗೆ ಕಾಣಲೇಬೇಕು. ಸುಲ್ತಾನ ಚಿಕ್ಕವನಾದರೆ ಕಾವಲುಗಾರನನ್ನು ಇನ್ನೂ ಎಳೆಯ ಹುಡುಗನಿಂದ ಮಾಡಿಸಿ.

ಇನ್ನೊಂದು ಗಂಟು ಕಥೆಯಲ್ಲೇ ಇದೆ. ಸುಲ್ತಾನನನ್ನು ಟೀಕಿಸುವ ಧರ್ಮಗುರು ಶೇಖ್ ಇಮಾಮುದ್ದೀನ ನೋಡಲು ಸುಲ್ತಾನನಂತೆಯೇ ಇದ್ದಾನೆ, ರಾಜವೇಷದಲ್ಲಿ ಅವನನ್ನು ದಂಡೆತ್ತಿ ಬರುತ್ತಿರುವ ಐನ್-ಉಲ್-ಮುಲ್ಕನ ಎದುರು ಕಳಿಸಿ ಸಾಯಿಸುವ ತಂತ್ರ ನಿಂತಿರುವುದು ಆ ಹೋಲಿಕೆಯ ಮೇಲೆ. ಸುಲ್ತಾನನ ಪಾತ್ರಧಾರಿ ಬದಲಾದ ಕೂಡಲೇ ಹೋಲಿಕೆ ಹೋಯಿತು. ಹೊಸ ಸುಲ್ತಾನ ದಪ್ಪಗೆ ಗಿಡ್ಡ, ಶೇಖ್ ಸಣಕಲು ಎತ್ತರ ಎಂದಾದರೆ ಪ್ರೇಕ್ಷಕ ನಂಬುವುದಿಲ್ಲ. ಗಡ್ಡದ ಆಕಾರ, ಪೇಟದ ಗಾತ್ರ, ನಿಲುವಂಗಿಯ ಅಂಚು, ನಿಲ್ಲುವ ಭಂಗಿ ಒಂದೇ ಮಾಡಿದರೆ ದೂರದಿಂದ ಸಾಕಷ್ಟು ಹೋಲುತ್ತದೆ. ಅದಕ್ಕೂ ಮೀರಿದ ವ್ಯತ್ಯಾಸವಿದ್ದರೆ ಶೇಖ್ ಪಾತ್ರವನ್ನೂ ಬದಲಿಸಬೇಕು. ಮುಖ್ಯ ಪಾತ್ರಕ್ಕೆ ಕಟ್ಟಿಹಾಕಿಕೊಂಡ ಇಂಥ ಎರಡನೆಯ ಪಾತ್ರ ನಿಮ್ಮ ನಾಟಕದಲ್ಲೂ ಇರಬಹುದು: ಮಗ, ಅವಳಿ, ವೇಷ ಮರೆಸಿ ಬರುವವನು. ಆಯ್ಕೆಗೆ ಮುಂಚೆಯೇ ಹುಡುಕಿಟ್ಟುಕೊಳ್ಳಿ.

ವೇಷ ಬದಲಿಸಿ ಜನರಿಗೆ ಮೋಸ ಮಾಡುವ ಅಗಸ ಅಜೀಜನ ವಿಷಯವೂ ಇದೆ. ಅವನು ಚುರುಕು, ಜನರನ್ನು ನಗಿಸುತ್ತಾನೆ, ಆ ಪಾತ್ರಧಾರಿ ಹಲವು ಪ್ರಯೋಗಗಳಲ್ಲಿ ಪಳಗಿರುತ್ತಾರೆ. ಸುಲ್ತಾನ ಹೊಸಬನಾದಾಗ ನಾಟಕ ತನ್ನಷ್ಟಕ್ಕೆ ಅಜೀಜನ ಕಡೆ ವಾಲುತ್ತದೆ. ಚಪ್ಪಾಳೆಯೂ ಅವನಿಗೇ ಬೀಳುತ್ತದೆ. ಅವನನ್ನು ತಗ್ಗಿಸಿದರೆ ನಾಟಕ ಎರಡೂ ಕಡೆ ಸೊರಗುತ್ತದೆ. ಅವನ ವೇಗ ಹಾಗೇ ಇರಲಿ. ಅವನ ದೃಶ್ಯ ಮುಗಿದ ಮೇಲೆ ಸುಲ್ತಾನ ಬರುವಾಗ ಮೂರು ನಾಲ್ಕು ಸೆಕೆಂಡ್ ಹೆಚ್ಚು ಕೊಡಿ, ನಗು ಇಳಿಯಲಿ, ಬೆಳಕು ನಿಲ್ಲಲಿ, ಆಮೇಲೆ ಮೊದಲ ಮಾತು.

ಪ್ರಯೋಗದ ದಿನ

ಜಾಹೀರಾತು, ಟಿಕೆಟ್ ಪುಟ, ಕರಪತ್ರ ಎಲ್ಲದರಲ್ಲೂ ಹೊಸ ಹೆಸರು ಬರಬೇಕು. ಹಳೆಯ ನಟರ ಹೆಸರು ನೋಡಿ ಟಿಕೆಟ್ ಕೊಂಡವರಿಗೆ ಮುಂಚಿತವಾಗಿ ತಿಳಿಸಿ, ಬೇಡವೆಂದರೆ ಹಣ ಹಿಂತಿರುಗಿಸಿ. ಪ್ರಾಯೋಜಕರಿಗೆ ಲಿಖಿತವಾಗಿ ಹೇಳಿ.

ಸಭಾಂಗಣಕ್ಕೆ ಒಂದೆರಡು ಗಂಟೆ ಮೊದಲೇ ಹೋಗಿ. ಹೊಸಬರು ಖಾಲಿ ರಂಗದ ಮೇಲೆ ತಮ್ಮ ಎಲ್ಲ ಪ್ರವೇಶ-ನಿರ್ಗಮನ ನಡೆದು ನೋಡಬೇಕು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಚೌಕಟ್ಟಿನ ರಂಗಕ್ಕೆ ಕಲಿತ ಚಲನೆ, ಅದೇ ಊರಿನ, ಮೂರು ಕಡೆ ಪ್ರೇಕ್ಷಕರು ಕೂರುವ ರಂಗಶಂಕರದಲ್ಲಿ ಹಾಗೇ ನಡೆಯದು. ಬದಿಯವರಿಗೆ ಬೆನ್ನು ಮಾತ್ರ ಕಾಣುವ ಜಾಗಗಳನ್ನು ಆಗಲೇ ತಿದ್ದಿ. ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ತಡವಾದವರಿಗೆ ಪ್ರವೇಶವಿಲ್ಲ. ತಂಡಕ್ಕೂ ಹೆಚ್ಚುವರಿ ನಿಮಿಷ ಸಿಗುವುದಿಲ್ಲವಾದ್ದರಿಂದ ಈ ನಡಿಗೆಯನ್ನು ವೇಳಾಪಟ್ಟಿಯಲ್ಲೇ ಬರೆದಿಡಿ.

ಮೊದಲ ಎರಡು ಪ್ರಯೋಗಕ್ಕೆ ಮುಂದಿನ ವಿಂಗಿನಲ್ಲಿ ಪ್ರಾಂಪ್ಟರ್ ಇರಲಿ. ಮೌನ ಕಂಡ ಕೂಡಲೇ ಹೇಳಿಕೊಡಬಾರದು. ಅದು ಬೇಕೆಂದೇ ಇಟ್ಟ ಮೌನವಾಗಿರಬಹುದು. ಕಿರುಬೆರಳು ಮಡಚುವಂಥ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ. ಹೇಳಿಕೊಡುವುದು ವಾಕ್ಯದ ಮೊದಲ ಎರಡು ಪದ ಮಾತ್ರ.

ಮಾತು ಮರೆಯುವುದಕ್ಕಿಂತ ದೊಡ್ಡ ಅಪಾಯ ಹಾರುವುದು. ಒಂದೇ ರೀತಿಯ ಸಾಲು 12ನೇ ಪುಟದಲ್ಲೂ 31ನೇ ಪುಟದಲ್ಲೂ ಇದ್ದರೆ ನಾಲಿಗೆ ಅಲ್ಲಿಂದ ಇಲ್ಲಿಗೆ ಜಿಗಿಯುತ್ತದೆ, ನಡುವಿನ 20 ನಿಮಿಷ ಮಾಯ. ಅಂಥ ಅವಳಿ ಸಾಲುಗಳನ್ನು ಮೊದಲೇ ಪಟ್ಟಿ ಮಾಡಿ, ಒಂದರ ಪದಗಳನ್ನು ಸ್ವಲ್ಪ ಬದಲಿಸಲು ಸಾಧ್ಯವೇ ನೋಡಿ. ನಾಟಕಕಾರರ ಮಾತು ತಿದ್ದಲು ಅನುಮತಿ ಇಲ್ಲದಿದ್ದರೆ ಎರಡೂ ಸಾಲಿಗೆ ಬೇರೆ ಬೇರೆ ಜಾಗ, ಬೇರೆ ಪರಿಕರ ಕೊಡಿ. ದೇಹ ನೆನಪಿಟ್ಟುಕೊಳ್ಳುತ್ತದೆ. ಹಾರಿದರೆ ಯಾರು ಹಿಂದಕ್ಕೆ ಎಳೆದು ತರಬೇಕು, ಯಾವ ಮಾತಿನಿಂದ ಎಂಬುದನ್ನು ದೃಶ್ಯಕ್ಕೊಬ್ಬರಂತೆ ಗೊತ್ತುಮಾಡಿ ಬರೆದಿಡಿ. ಹಾಗೆ ಗೊತ್ತುಮಾಡದಿದ್ದರೆ ಮೂವರು ಒಟ್ಟಿಗೆ ಕಾಪಾಡಲು ಹೋಗುತ್ತಾರೆ.

ಅಂದು ರಾತ್ರಿ ತಪ್ಪುಗಳ ಪಟ್ಟಿ ಓದಬೇಡಿ. ಮರುದಿನ ಬೆಳಿಗ್ಗೆ ಹೊಸಬರಿಗೆ ಐದಕ್ಕಿಂತ ಹೆಚ್ಚಿಲ್ಲದ ಟಿಪ್ಪಣಿ, ಸಹನಟರಿಗೂ ಅಷ್ಟೇ. ಎರಡನೆಯ ಪ್ರಯೋಗ ಮೊದಲಿನದಕ್ಕಿಂತ ಸಪ್ಪೆಯಾಗುವುದು ಸಾಮಾನ್ಯ, ಹೆದರಿಕೆ ಇಳಿದಿರುತ್ತದೆ, ಎಚ್ಚರವೂ ಇಳಿದಿರುತ್ತದೆ. ಅದರ ಮುಂಚೆ ಮಾತಿನ ಓಟ ಒಮ್ಮೆ ಕಡ್ಡಾಯವಾಗಿ ಮಾಡಿಸಿ. ನಾಲ್ಕನೆಯ ಪ್ರಯೋಗದ ಹೊತ್ತಿಗೆ ಹೊಸಬರು ತಮ್ಮದೇ ಹಸಿರು ಸೇರಿಸತೊಡಗಿರುತ್ತಾರೆ. ಸಹನಟರಲ್ಲಿ ಕೆಲವರು ಅದಕ್ಕೂ ಆತುಕೊಳ್ಳಲು ಶುರುಮಾಡಿರುತ್ತಾರೆ. ಆಗ ಮತ್ತೆ ಆ ಮೂರು ಪ್ರಶ್ನೆ ಕೇಳಿ, ಬಲಗಡೆಯ ಖಾಲಿ ಜಾಗದಲ್ಲಿ ಹೊಸ ಕೆಂಪು ತಾರೀಖು ಹಾಕಿ ಬರೆದು, ತಿದ್ದಿದ ಪ್ರತಿಯನ್ನು ರಂಗ ನಿರ್ವಾಹಕರಿಗೂ ಬೆಳಕಿನವರಿಗೂ ತಲುಪಿಸಿ.